ಲೋಟದ ನೀರಿನ ಕಾವಲು

ಭೂಕಂಪವಾದಾಗ ನಾನು ಪಿಯಾನೊ ಬಾರಿಸುತ್ತಿದ್ದೆ. ಇದನ್ನು ಕೇಳಿದವರೆಲ್ಲ "ಅಯ್ಯೋ, ಆಮೇಲೆ ಏನು ಮಾಡಿದಿರಿ?" ಎನ್ನುತ್ತಾರೆ. ಬಾರಿಸುತ್ತಲೇ ಇದ್ದೆ ಎಂದರೆ ಕಣ್ಣರಳಿಸಿ, ನೀವು ಬಹಳ ಧೈರ್ಯವಂತೆ ಎನ್ನುತ್ತಾರೆ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಭೂಮಿ ಅಲುಗಾಡುತ್ತಿದೆ ಎಂದು ನನಗೆ ಗೊತ್ತೇ ಆಗಲಿಲ್ಲ.

ಅದು ಗಣರಾಜ್ಯೋತ್ಸವದ ಬೆಳಗ್ಗೆ. ಅಹಮದಾಬಾದಿನ ನವರಂಗಪುರದಲ್ಲಿ ನಮ್ಮ ಫ್ಲ್ಯಾಟು ಮೂರನೆಯ ಮಹಡಿಯಲ್ಲಿತ್ತು. ಕಟ್ಟಡದ ಮಕ್ಕಳೆಲ್ಲ ಬಾವುಟ ಹಾರಿಸಲು ಶಾಲೆಗೆ ಹೋಗಿದ್ದರಿಂದ ಸದ್ದುಗದ್ದಲ ಇರಲಿಲ್ಲ. ಇಂಥ ಹೊತ್ತು ಮತ್ತೆ ಸಿಗುವುದಿಲ್ಲವೆಂದು ನಾನು ಕಾಫಿ ಕುಡಿದವಳೇ ಪಿಯಾನೊದ ಮುಂದೆ ಕೂತಿದ್ದೆ. ಮುಂದಿನ ತಿಂಗಳು ಅಹಮದಾಬಾದ್, ವಡೋದರಾ, ಸೂರತ್ ಮೂರು ಊರುಗಳಲ್ಲೂ ನನ್ನ ಪಿಯಾನೊ ಕಛೇರಿ ನಿಗದಿಯಾಗಿತ್ತು. ಕೊನೆಗೆ ಬಾರಿಸಬೇಕಿದ್ದುದು ಸೊನಾಟಾ, ಮೂರು ಭಾಗಗಳ ದೊಡ್ಡ ಕೃತಿ. ಅದರ ಕಡೆಯ ಭಾಗದಲ್ಲಿ ಎಡಗೈ ತೀರ ಕೆಳಗಿನ ಮಂದ್ರದ ಕೀಗಳ ಮೇಲೆ ಬಹಳ ಹೊತ್ತು ಗುಡುಗುತ್ತಿರಬೇಕು. ನಮ್ಮ ಮನೆಯ ಪಿಯಾನೊ ಹಳೆಯದು, ಗೋಡೆಗೆ ಒರಗಿಸಿ ಇಡುವಂಥದು, ಅದರ ಮಂದ್ರದ ತಂತಿಗಳಿಗೆ ಮೊದಲಿನಿಂದಲೂ ಕಫ ಕಟ್ಟಿದ ಗಂಟಲು. ಆದರೆ ಆ ಬೆಳಗ್ಗೆ ನಾನು ವರ್ಷಗಟ್ಟಲೆ ಬೇಡಿದ ನಾದ ಅದರೊಳಗಿಂದ ಬಂತು. ಬೆರಳಿನಿಂದ ಮೊಣಕೈಗೆ, ಕೂತ ಸ್ಟೂಲಿನಿಂದ ಬೆನ್ನಿಗೆ ಏರಿ ಬಂತು. ಇವತ್ತು ವಾದ್ಯ ಒಲಿದಿದೆ ಎಂದು ಹಿಗ್ಗಿ ಇನ್ನಷ್ಟು ಜೋರಾಗಿ ಬಾರಿಸಿದೆ.

ಪಿಯಾನೊದ ತಲೆಯ ಮೇಲಿಟ್ಟಿದ್ದ, ತಾಳ ತೋರಿಸುವ ಮೆಟ್ರೊನೋಮ್ ಮೆಲ್ಲಗೆ ಅಂಚಿನತ್ತ ನಡೆದು ಕೆಳಗೆ ಬಿತ್ತು. ಅದನ್ನೂ ನನ್ನ ಕೈಯ ಪ್ರತಾಪವೆಂದೇ ತಿಳಿದೆ. ಅಷ್ಟರಲ್ಲಿ ಯಾರೋ ನನ್ನ ಜಡೆ ಹಿಡಿದು ಹಿಂದಕ್ಕೆ ಎಳೆದರು. ಅಮ್ಮ. ಮುಖ ಸುಣ್ಣದಂತೆ ಬಿಳಿಚಿತ್ತು.

"ಏಳು ಮಾರಾಯ್ತಿ, ಮನೆ ಬೀಳ್ತಾ ಉಂಟು."

ಆಗ ನೋಡಿದೆ. ಫ್ಯಾನು ಉಯ್ಯಾಲೆಯಾಡುತ್ತಿತ್ತು, ಕಪಾಟಿನ ಬಾಗಿಲು ತಾನಾಗಿ ತೆರೆದು ಮುಚ್ಚುತ್ತಿತ್ತು. ಕೆಳಗೆ ಜನ "ಧರತೀಕಂಪ್, ಧರತೀಕಂಪ್" ಎಂದು ಕೂಗುತ್ತಿದ್ದರು. ನಾವು ಮೆಟ್ಟಿಲಿಳಿದು ಹೇಗೆ ಕೆಳಗೆ ಬಂದೆವೋ ದೇವರಿಗೇ ಗೊತ್ತು. ಕಟ್ಟಡದವರೆಲ್ಲ ಆಗಲೇ ಅಂಗಳದಲ್ಲಿದ್ದರು. ನಮ್ಮ ಕಟ್ಟಡ ಬೀಳಲಿಲ್ಲ, ಗೋಡೆಗಳಲ್ಲಿ ಬಿರುಕು ಬಿಟ್ಟಿತು ಅಷ್ಟೆ. ಆದರೆ ಅದೇ ನಗರದಲ್ಲಿ ನಮ್ಮದರಂಥವೇ ಎಷ್ಟೋ ಕಟ್ಟಡಗಳು ಒಳಗಿದ್ದವರ ಸಮೇತ ಕುಸಿದಿದ್ದವು. ಸಂಜೆಯೊಳಗೆ ಆ ಸುದ್ದಿ ಒಂದೊಂದಾಗಿ ಬಂತು. ನಾನು ಅಂಗಳದ ಬೇವಿನ ಮರದ ಕೆಳಗೆ ಚಾಪೆಯ ಮೇಲೆ ಕೂತು ನನ್ನ ಎರಡೂ ಕೈಗಳನ್ನು ನೋಡಿಕೊಂಡೆ. ಕಿವಿಯನ್ನೇ ನಂಬಿ ಬದುಕುವವಳಿಗೆ ಕಿವಿಯೇ ಕೈಕೊಟ್ಟಿತ್ತು. ಸಾವಿನ ಸದ್ದನ್ನು ನನ್ನ ಎಡಗೈಯ ಸದ್ದೆಂದು ತಿಳಿದು ಖುಷಿಪಟ್ಟಿದ್ದೆ. ಅವತ್ತು ಎದೆಗೆ ಹೊಕ್ಕ ಹೆದರಿಕೆ ಬಹಳ ಕಾಲ ಹೊರಗೆ ಬರಲಿಲ್ಲ.

ನಮ್ಮಂಥವರ ಮನೆಗೆ ಪಿಯಾನೊ ಹೇಗೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. ಅಪ್ಪ ಬ್ಯಾಂಕಿನವರು. ಮಂಗಳೂರಿನಲ್ಲಿದ್ದಾಗ ಕಾನ್ವೆಂಟಿನ ಸಿಸ್ಟರ್ ಒಬ್ಬರು ಪ್ರಾರ್ಥನೆಗೆ ಪಿಯಾನೊ ಬಾರಿಸಲು ಒಬ್ಬ ಹುಡುಗಿ ಬೇಕೆಂದು ನನ್ನನ್ನು ಆರಿಸಿದರು. ಕಾರಣ ನನ್ನ ಪ್ರತಿಭೆಯಲ್ಲ, ಉದ್ದ ಬೆರಳು. ಅಹಮದಾಬಾದಿಗೆ ವರ್ಗವಾದ ಮೇಲೆ ವಯಸ್ಸಾದ ಪಾರ್ಸಿ ಟೀಚರ್ ಒಬ್ಬರು ಕಲಿಸಿದರು. ಅವರು ಮಗನ ಮನೆಗೆ ಹೊರಟಾಗ ತಮ್ಮ ಪಿಯಾನೊವನ್ನು ನನಗೇ ಕೊಟ್ಟುಹೋದರು. ಮುಂಬಯಿಯಲ್ಲಿ ಪರೀಕ್ಷೆಗಳಾದವು, ಅಲ್ಲಿಯೇ ಕೆಲವು ಕಛೇರಿಗಳಾದವು. ಅಷ್ಟರಲ್ಲಿ ಅಪ್ಪನಿಗೆ ನಾಗಪುರಕ್ಕೆ ವರ್ಗ ಬಂತು. ಪಿಯಾನೊವನ್ನು ವರ್ಗ ಮಾಡುವ ಅಧಿಕಾರಿ ಯಾರೂ ಇರಲಿಲ್ಲವಾದ್ದರಿಂದ ಅಪ್ಪ ಒಬ್ಬರೇ ಹೋದರು, ನಾನೂ ಅಮ್ಮನೂ ಉಳಿದೆವು. ಮದುವೆಯ ಮಾತು ತೆಗೆದವರಿಗೆ ಅಮ್ಮ "ಅವಳಿಗೆ ಆಗಲೇ ಆಗಿದೆ, ಗಂಡ ಸ್ವಲ್ಪ ಭಾರ" ಎನ್ನುತ್ತಿದ್ದಳು.

ಆ ಭಾರವೇ ಈಗ ತಕರಾರಿಗೆ ಬಂತು. ಭೂಕಂಪದ ನಂತರ ವಾರಗಟ್ಟಲೆ ಸಣ್ಣ ಸಣ್ಣ ಕಂಪನಗಳು ಬರುತ್ತಲೇ ಇದ್ದವು. ಅಲ್ಲಿಯವರು ಅದನ್ನು ಆಂಚಕೋ ಎನ್ನುತ್ತಿದ್ದರು. ಆಂಚಕೋ ಬಂತು ಎಂದು ಯಾರಾದರೂ ಕೂಗಿದರೆ ಇಡೀ ಕಟ್ಟಡ ಕೆಳಗಿಳಿಯುತ್ತಿತ್ತು. ಬಿರುಕುಗಳನ್ನು ಪರೀಕ್ಷಿಸಲು ಸೇರಿದ ಕಟ್ಟಡದ ಸೊಸೈಟಿಯ ಸಭೆಯಲ್ಲಿ ಕಾರ್ಯದರ್ಶಿ ಎದ್ದು, ಮೂರನೆಯ ಮಹಡಿಯಲ್ಲಿ ಅಷ್ಟು ತೂಕದ ಪೆಟ್ಟಿಗೆ ಇರುವುದು ಎಲ್ಲರ ಜೀವಕ್ಕೆ ಅಪಾಯ ಎಂದರು. ಅಮ್ಮನ ಹಿಂದಿ ತರಕಾರಿ ಮಾರುಕಟ್ಟೆಯ ಮಟ್ಟದ್ದು. ಆದರೂ ಎದ್ದು ನಿಂತು, "ಊಪರ್ ಪಾನೀ ಕಾ ಟಾಂಕೀ ಹೈ ನಾ, ವೋ ಕಿತ್ನಾ ಭಾರೀ?" ಎಂದು ಕೇಳಿದಳು. ತಾರಸಿಯ ನೀರಿನ ಟ್ಯಾಂಕನ್ನು ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸಭೆ ಪಿಯಾನೊವನ್ನು ಉಳಿಸಿತು.

ಆದರೆ ಕೆಳಗಿನ ಮನೆಯಾಕೆ ಮಾರನೆಯ ದಿನವೇ ಬಂದರು. ಒಳ್ಳೆಯ ಹೆಂಗಸು, ಕೈಯಲ್ಲಿ ಖಾಖ್ರಾ ಎಂಬ ಗರಿಗರಿ ರೊಟ್ಟಿಯ ಡಬ್ಬಿ ಬೇರೆ. ನಾನು ಬಾರಿಸುವಾಗ ಅವರ ಮಗು ಆಂಚಕೋ ಎಂದು ಚೀರಿ ಬಾಗಿಲಿಗೆ ಓಡುತ್ತದಂತೆ. ಸಣ್ಣ ದನಿಯ ಕಡೆ ಬಾರಿಸಿದರೆ ತೊಂದರೆಯಿಲ್ಲ, ಆ ದಪ್ಪ ದನಿಯ ಕಡೆ ಸ್ವಲ್ಪ ಕಾಲ ಬೇಡ, ದಯವಿಟ್ಟು, ಎಂದರು. ನಾನು ಒಪ್ಪಿಕೊಂಡೆ. ಮಗುವಿನ ಮೇಲಿನ ಕನಿಕರ ಅರ್ಧ, ಇನ್ನರ್ಧ ನನ್ನದೇ ಹೆದರಿಕೆ. ಎಡಗೈ ಕೆಳಗಿಳಿದಾಗ ಬರುವ ಆ ಗುಡುಗು ನನಗೂ ಕೇಳಲಾಗುತ್ತಿರಲಿಲ್ಲ. ಹೀಗೆ ಕೆಲವು ತಿಂಗಳು ನಮ್ಮ ಮನೆಯಲ್ಲಿ ಬಲಗೈಯ ಸಂಗೀತ ಮಾತ್ರ ನಡೆಯಿತು. ಎಡಗೈಯನ್ನು ಊಟದ ಮೇಜಿನ ಮೇಲೆ ಸದ್ದಿಲ್ಲದೆ ಆಡಿಸುತ್ತಿದ್ದೆ. ಅಮ್ಮ ಅದನ್ನು ನೋಡಿ, "ತಬಲ ಕಲೀತಾ ಇದ್ದಿಯಾ?" ಎಂದು ಕೇಳಿದಳು.

ಫೆಬ್ರವರಿಯ ಕಛೇರಿಗಳು ಸಹಜವಾಗಿಯೇ ರದ್ದಾದವು. ಸಂಘಟಕರು ಅವನ್ನು ಆ ವರ್ಷದ ಕೊನೆಯ ಚಳಿಗಾಲಕ್ಕೆ ಮುಂದೂಡಿದರು. ನನಗೆ ಬಿಡುವು ಸಿಕ್ಕಿತು, ಅದೇ ತೊಂದರೆಯಾಯಿತು. ಕಛೇರಿಯಲ್ಲಿ ಪಿಯಾನೊ ಬಾರಿಸುವವಳು ಕಣ್ಣೆದುರು ಸ್ವರ ಬರೆದ ಕಾಗದ ಇಟ್ಟುಕೊಳ್ಳುವಂತಿಲ್ಲ, ಎಲ್ಲವೂ ಬಾಯಿಪಾಠದಂತೆ ಕೈಪಾಠವಾಗಿರಬೇಕು. ಮನಸ್ಸು ಒಂದು ಗಳಿಗೆ ಬೇರೆಡೆಗೆ ಹೋದರೂ ಬೆರಳು ದಾರಿ ತಪ್ಪುತ್ತದೆ. ನನ್ನ ಮನಸ್ಸು ಹೋಗುತ್ತಿದ್ದುದು ಒಂದೇ ಕಡೆ: ಈಗ ಕೇಳುತ್ತಿರುವುದು ನಾನು ಬಾರಿಸಿದ್ದೋ, ನೆಲದೊಳಗಿನಿಂದ ಬಂದದ್ದೋ? ಎರಡು ಸಾಲು ಬಾರಿಸುವುದು, ನಿಲ್ಲಿಸುವುದು, ಫ್ಯಾನು ನೋಡುವುದು. ಮತ್ತೆ ಎರಡು ಸಾಲು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಪುಟವನ್ನೂ ಪೂರ್ತಿ ಬಾರಿಸಲಾಗದ ಸ್ಥಿತಿಗೆ ಬಂದಿದ್ದೆ. ಹೀಗೇ ಆದರೆ ಮಕ್ಕಳಿಗೆ ಪಾಠ ಹೇಳಿಕೊಂಡು ಇರಬೇಕಷ್ಟೆ, ವೇದಿಕೆಯ ಮೇಲೆ ಇನ್ನು ಕೂರಲಾರೆ ಎಂದು ಅನ್ನಿಸತೊಡಗಿತು. ಅದನ್ನು ನೆನೆದರೆ ಭೂಕಂಪಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ಪಿಯಾನೊದ ಕೆಳಗೆ ಬಲಗಾಲಿಗೆ ಸಿಗುವ ಪೆಡಲನ್ನು ಒತ್ತಿ ಹಿಡಿದರೆ ಒಳಗಿನ ತಂತಿಗಳೆಲ್ಲ ಕಟ್ಟು ಬಿಚ್ಚಿದಂತೆ ಬಿಡುಗಡೆಯಾಗುತ್ತವೆ. ಆಗ ಹತ್ತಿರದಲ್ಲಿ ಸೀನಿದರೂ ಅವು ಮೆಲ್ಲಗೆ ಗುಂಯ್‌ಗುಡುತ್ತವೆ. ನೆಲ ಅಲುಗಿದರೂ ಹಾಗೆಯೇ. ನಾನು ಬಾರಿಸುವ ಮೊದಲು ಪೆಡಲ್ ಒತ್ತಿ, ತಲೆ ಬಗ್ಗಿಸಿ ಕೇಳಿಸಿಕೊಳ್ಳುವ ಚಟ ಬೆಳೆಸಿಕೊಂಡೆ. ತಂತಿ ಸುಮ್ಮನಿದ್ದರೆ ಶುರು ಮಾಡುವುದು. (ಆಮೇಲೆ ಪತ್ರಿಕೆಯೊಂದರಲ್ಲಿ, ಈ ಕಲಾವಿದೆ ಪ್ರತಿ ಕೃತಿಗೂ ಮೊದಲು ಮೌನವಾಗಿ ಧ್ಯಾನ ಮಾಡುತ್ತಾರೆ ಎಂದು ಬರೆದರು. ನನ್ನ ಪಾಠದ ಮಕ್ಕಳೂ ಕಾರಣ ತಿಳಿಯದೆ ತಲೆ ಬಗ್ಗಿಸಿ ಕೂರಲು ಕಲಿತವು.) ಆದರೆ ಅದು ಶುರುವಿಗೆ ಮಾತ್ರ ಸೈ. ಬಾರಿಸತೊಡಗಿದ ಮೇಲೆ ತಂತಿಗಳು ನನ್ನ ಮಾತನ್ನೇ ಆಡುತ್ತಿರುತ್ತವೆ, ಭೂಮಿಯ ಮಾತು ಹೇಳುವವರು ಯಾರು?

ಅದಕ್ಕೆ ಅಮ್ಮ ದಾರಿ ಕಂಡುಹಿಡಿದಳು. ಒಂದು ಮಧ್ಯಾಹ್ನ ಸ್ಟೀಲಿನ ಲೋಟದ ತುಂಬ ನೀರು ತಂದು, ಪಿಯಾನೊದಿಂದ ದೂರ, ಗೋಡೆಯ ಬದಿಯ ಕಲ್ಲಿನ ಕಟ್ಟೆಯ ಮೇಲೆ ಇಟ್ಟು ಅದರ ಪಕ್ಕ ಕೂತಳು.

"ನೀನು ಬಾರಿಸು. ನಾನು ನೀರು ನೋಡ್ತೇನೆ. ಅಲುಗಿದರೆ ಎದ್ದು ನಿಲ್ತೇನೆ. ನಾನು ಕೂತಿದ್ದೇನೆ ಅಂದ್ರೆ ಎಂತ ಇಲ್ಲ ಅಂತ ಲೆಕ್ಕ. ಆಯ್ತಾ?"

ಮೊದಲು ನಗು ಬಂತು. ಆದರೆ ಅವತ್ತು ನಾನು ಪುಟ ದಾಟಿದೆ. ಬಾರಿಸುತ್ತ ಬಾರಿಸುತ್ತ ಓರೆಗಣ್ಣಿನಲ್ಲಿ ನೋಡುವುದು, ಅಮ್ಮ ಕೂತಿದ್ದಾಳೆ, ಮುಂದುವರಿಸುವುದು. ಮಳೆಗಾಲದಲ್ಲಿ ಒಮ್ಮೆ ಅವಳು ನಿಜವಾಗಿಯೂ ಎದ್ದು ನಿಂತಳು. ನಾನು ಕೈ ಎತ್ತುವುದಕ್ಕೂ ಕೆಳಗಿನ ಮನೆಯವರು ಕೂಗುವುದಕ್ಕೂ ಸರಿಹೋಯಿತು, ಸಣ್ಣ ಆಂಚಕೋ ಆಗಿತ್ತು. ಆವತ್ತಿನಿಂದ ನನಗೆ ಆ ಕಾವಲಿನ ಮೇಲೆ ಗಟ್ಟಿ ನಂಬಿಕೆ ಬಂತು. ಕೆಳಗಿನ ಮನೆಯಾಕೆಯ ಹತ್ತಿರ ಕೇಳಿಕೊಂಡು, ಮಗು ಶಾಲೆಯಲ್ಲಿರುವ ಹೊತ್ತು ಎಡಗೈಯನ್ನೂ ಕೆಳಗಿಳಿಸಿದೆ. ಸೊನಾಟಾದ ಕೊನೆಯ ಭಾಗ ಒಂದು ದಿನ ಪೂರ್ತಿಯಾಯಿತು. ಬೆವರು ಒರೆಸಿಕೊಂಡು ತಿರುಗಿದರೆ ಅಮ್ಮ ಲೋಟದ ಪಕ್ಕ ಅಲಸಂಡೆ ಮುರಿಯುತ್ತ ಕೂತಿದ್ದಳು. ನನಗಾಗ ಆ ಲೋಟಕ್ಕೆ ಕೈಮುಗಿಯಬೇಕು ಅನ್ನಿಸಿತು.

ಹಾಗಾಗಿ ಚಳಿಗಾಲ ಬಂದಾಗ ಅಮ್ಮನೂ ಲೋಟವೂ ಕಛೇರಿಗೆ ಹೊರಟವು. ಸಂಘಟಕರಿಗೆ ನಾನು ಇಟ್ಟ ಷರತ್ತು ಎರಡೇ: ಪಿಯಾನೊವನ್ನು ಆ ದಿನವೇ ಶ್ರುತಿ ಮಾಡಿಸಬೇಕು, ಮತ್ತು ಮೊದಲ ಸಾಲಿನಲ್ಲಿ ನನಗೆ ನೇರ ಕಾಣುವ ಕುರ್ಚಿ ತಾಯಿಗೆ ಬೇಕು, ಅದರ ಮುಂದೊಂದು ಸಣ್ಣ ಸ್ಟೂಲು. ಸ್ಟೂಲಿನ ಮೇಲೆ ಲೋಟ. ಜನ ಅದು ಕಲಾವಿದೆಗೆ ಕುಡಿಯಲಿಕ್ಕೆ ಎಂದುಕೊಂಡರು. ಸಭಾಂಗಣದ ದೀಪ ಆರಿಸಿದ ಮೇಲೆ ವೇದಿಕೆಯ ಬೆಳಕು ಮೊದಲ ಸಾಲಿನ ಮೇಲೆ ಅಷ್ಟಿಷ್ಟು ಚೆಲ್ಲುತ್ತಿತ್ತು. ಅಮ್ಮನ ಮುಖ ಕಾಣುತ್ತಿರಲಿಲ್ಲ, ಆದರೆ ಅವಳ ತಿಳಿಹಳದಿ ಸೀರೆ ಕೂತಿದೆಯೋ ನಿಂತಿದೆಯೋ ಎಂಬುದು ತಿಳಿಯುತ್ತಿತ್ತು. ನನಗೆ ಅಷ್ಟು ಸಾಕಿತ್ತು.

ಅಹಮದಾಬಾದಿನ ಕಛೇರಿಯಲ್ಲಿ ಮೊದಲ ಕೃತಿ ಮುಗಿಯುವವರೆಗೂ ನನ್ನ ಬೆರಳ ತುದಿ ಮಂಜುಗಡ್ಡೆಯಂತಿತ್ತು. ಬಂದವರಲ್ಲಿ ಎಷ್ಟೋ ಜನ ಮನೆ ಕಳೆದುಕೊಂಡವರಿದ್ದರು, ಮನೆಯವರನ್ನೇ ಕಳೆದುಕೊಂಡವರಿದ್ದರು. ಎಡಗೈ ಕೆಳಗಿಳಿದಾಗ ಸಭೆಯೇ ಉಸಿರು ಬಿಗಿ ಹಿಡಿದದ್ದು ನನಗೆ ಕೇಳಿಸಿತು. ಹಳದಿ ಸೀರೆ ಕೂತೇ ಇತ್ತು. ನಾನೂ ಬಾರಿಸಿದೆ. ವಡೋದರಾದಲ್ಲಿ ಸ್ವಲ್ಪ ಹಗುರವಾಗಿದ್ದೆ. ಅಲ್ಲಿಯ ಪಿಯಾನೊ ಬಹಳ ಹಳೆಯದಾದರೂ ಮರ್ಯಾದಸ್ಥ ವಾದ್ಯ, ಕೇಳಿದ್ದನ್ನು ಕೊಟ್ಟಿತು. ವಿರಾಮದಲ್ಲಿ ಅಮ್ಮ ಚಹಾ ಕುಡಿಯುತ್ತ ಹೊಸದಾಗಿ ಪರಿಚಯವಾದ ಹೆಂಗಸರಿಗೆ, ನನ್ನ ಮಗಳಿಗೆ ಹೆದರಿಕೆ ಅಂದರೆ ಏನೆಂದೇ ಗೊತ್ತಿಲ್ಲ ಎಂದು ಹೇಳುತ್ತಿದ್ದಳು.

ಸೂರತ್ತಿನಲ್ಲಿ ಅಮ್ಮನ ಚಿಕ್ಕಮ್ಮನ ಮಗ, ಎಂದರೆ ನನ್ನ ಮಾವ, ಉಧ್ನಾ ಸ್ಟೇಷನ್ನಿನ ಹತ್ತಿರ ಉಡುಪಿ ಹೋಟೆಲು ನಡೆಸುತ್ತಿದ್ದ. ನಾವು ಇಳಿದದ್ದು ಅವನ ಮನೆಯಲ್ಲಿ, ಹೋಟೆಲಿನ ಮೇಲೆ. ಮಾವ ಕಛೇರಿಗೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಧ್ಯಾಹ್ನದಿಂದಲೇ ತಯಾರಾಗಿದ್ದ.

"ಅಕ್ಕ, ನನ್ನನ್ನು ಕರ್ಕೊಂಡು ಹೋಗುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದ್ರೂ ಬರ್ತೇನೆ. ನಮ್ಮ ಹುಡುಗಿ ಅಲ್ಲವಾ?"

ಹೊರಡುವ ಮುಂಚೆ ಅವನು ಅಮ್ಮನಿಗೆ ತಟ್ಟೆ ತುಂಬ ಗೋಳಿಬಜೆಯನ್ನೂ ಖಾರದ ಚಟ್ನಿಯನ್ನೂ ತಂದಿಟ್ಟ. ಊರಿನ ರುಚಿ ಎಂದು ಅವಳು ಒಂದನ್ನೂ ಬಿಡಲಿಲ್ಲ. ನನಗೆ ಒಂದು ತುತ್ತೂ ಇಳಿಯಲಿಲ್ಲ. ಮಾವನ ಮನೆಯ ಪಕ್ಕದ ಹಳಿಯಲ್ಲಿ ಗೂಡ್ಸ್ ರೈಲು ಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಪ್ರತಿ ಸಲವೂ ನನಗೆ ಜೀವ ಬಾಯಿಗೆ ಬರುತ್ತಿತ್ತು. ಸಭಾಂಗಣ ರೈಲು ಹಳಿಯಿಂದ ದೂರವಿದೆಯೇ ಎಂದು ಕೇಳಿದೆ. ಬಹಳ ದೂರವೇನೂ ಇಲ್ಲ ಎಂದ ಮಾವ. ಹೆದರಿದವರ ಮೇಲೆ ಹಾವು ಬಿಟ್ಟಂತಾಯಿತು.

ಕಛೇರಿಯ ಮೊದಲರ್ಧ ಸುಸೂತ್ರವಾಗಿ ಮುಗಿಯಿತು. ಸಮುದ್ರದ ಗಾಳಿಗೆ ಉಬ್ಬಿದ ಕೀಗಳು ಕೆಲವು ಕಡೆ ಕಚ್ಚಿಕೊಳ್ಳುತ್ತಿದ್ದವು. ಮುಂಬಯಿಯಿಂದ ಬಂದ ಶ್ರುತಿ ಮಾಡುವವರು ಮೊದಲೇ ಎಚ್ಚರಿಸಿದ್ದರಿಂದ ಅಲ್ಲಲ್ಲಿ ಬೆರಳಿಗೆ ಒತ್ತು ಕೊಟ್ಟೆ. ಒಂದೆರಡು ಸಲ ಕಾಲ ಕೆಳಗೆ ಏನೋ ಅಲುಗಿದಂತಾಯಿತು. ನೋಡಿದರೆ ಹಳದಿ ಸೀರೆ ಅಲುಗದೆ ಕೂತಿತ್ತು. ಅಮ್ಮ ನೋಡುತ್ತಿದ್ದಾಳೆ, ನೀರು ಸುಮ್ಮನಿದೆ ಎಂದು ಮುಂದುವರಿಸಿದೆ.

ವಿರಾಮದಲ್ಲಿ ಅಮ್ಮ ವೇದಿಕೆಯ ಹಿಂದಿನ ಕೋಣೆಗೆ ಬಂದಳು. ಕೈಯಲ್ಲಿ ಲೋಟ ಇತ್ತು. ನನ್ನ ಬಾಯಿ ಒಣಗಿ ಹೋಗಿತ್ತು, ಒಂದು ಗುಟುಕಿಗೆಂದು ಕೈ ಚಾಚಿದೆ. ಲೋಟ ಖಾಲಿ.

"ನೀರೆಲ್ಲಿ ಅಮ್ಮ?"

"ಕುಡಿದೆ. ಗೋಳಿಬಜೆ ತಿಂದದ್ದಲ್ವಾ, ಬಾಯಾರಿಕೆ ತಡೀಲಿಕ್ಕೆ ಆಗ್ಲಿಲ್ಲ."

"ಯಾವಾಗ ಕುಡಿದದ್ದು?"

"ನೀನು ಬಂದು ಕೂತ ಕೂಡ್ಲೆ."

ಇಷ್ಟು ಹೊತ್ತು ನಾನು ಖಾಲಿ ಲೋಟದ ಕಾವಲಿನಲ್ಲಿ ಬಾರಿಸಿದ್ದೆ.

"ಮತ್ತೆ ಎಂತ ನೋಡ್ತಾ ಕೂತಿದ್ದಿ?"

"ನೋಡ್ಲಿಕ್ಕೆ ಎಂತ ಉಂಟು? ಕಣ್ಣು ಮುಚ್ಚಿ ಕೇಳ್ತಾ ಇದ್ದೆ."

"ವಡೋದರಾದಲ್ಲಿ?"

"ಅಲ್ಲಿಯೂ ಅಷ್ಟೆ. ಅಹಮದಾಬಾದಿನಲ್ಲಿಯೂ ಅಷ್ಟೆ. ನೀನೇ ಹೇಳು, ದೀಪ ಆರಿಸಿದ ಮೇಲೆ ಲೋಟವೇ ಸರಿ ಕಾಣುವುದಿಲ್ಲ. ಮತ್ತೆ ಅದರೊಳಗಿನ ನೀರು ಎಲ್ಲಿ ಕಾಣುವುದು?"

ಇಷ್ಟು ದೊಡ್ಡ ಸತ್ಯ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಬೆಳಕಿನಲ್ಲಿ ಕೂತವಳಿಗೆ ಕತ್ತಲಲ್ಲಿ ಕೂತವರ ಪಾಡು ತಿಳಿಯುವುದು ಹೇಗೆ? ನನಗೆ ಸಿಟ್ಟು ಬಂತು. ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟೇ.

"ನೋಡ್ಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದೂ ಊರಿಂದೂರಿಗೆ ಯಾಕೆ ಬಂದೆ? ಸುಮ್ಮನೆ ಮನೆಯಲ್ಲಿ ಇರ್ಬಹುದಿತ್ತಲ್ಲ?"

ಅಮ್ಮ ಲೋಟವನ್ನು ಸೆರಗಿನಲ್ಲಿ ಒರೆಸುತ್ತ ಅಲ್ಲಿದ್ದ ಬೆಂಚಿನ ಮೇಲೆ ಕೂತಳು.

"ಮನೆಯಲ್ಲಿ ಒಬ್ಬಳೇ ಇರ್ಲಿಕ್ಕೆ ನನಗೆ ಹೆದರಿಕೆ" ಎಂದಳು. "ಹಗಲಿನಲ್ಲಿಯೂ ಹೆದರಿಕೆ. ನೀನು ತರಕಾರಿಗೆ ಹೋದರೆ ನಾನು ಬಾಗಿಲು ತೆಗೆದಿಟ್ಟು ಮೆಟ್ಟಿಲಲ್ಲಿ ಕೂತಿರ್ತೇನೆ. ನೀನು ಬಾರಿಸುವಾಗ ಮಾತ್ರ ಹೆದರಿಕೆ ಆಗುವುದಿಲ್ಲ."

"ನಾನು ಬಾರಿಸಿದರೆ ಭೂಮಿ ನಿಲ್ತದಾ ಅಮ್ಮ?"

"ತಮಾಷೆ ಬೇಡ. ಆ ದಿನ ನಾನು ಅಡಿಗೆಮನೆಯಲ್ಲಿ ನೆಲದಲ್ಲಿ ಕೂತುಬಿಟ್ಟಿದ್ದೆ, ನಿನಗೆ ಗೊತ್ತುಂಟಾ? ಕಾಲಿನಲ್ಲಿ ಬಲ ಇರ್ಲಿಲ್ಲ. ಪಾತ್ರೆ ಎಲ್ಲ ತಲೆ ಮೇಲೆ ಬೀಳ್ತಾ ಇತ್ತು. ಮುಗೀತು, ಇಲ್ಲೇ ಮುಗೀತು ಅಂತ ಕಣ್ಣು ಮುಚ್ಚಿದೆ. ಆಗ ನಿನ್ನ ಪಿಯಾನೊ ಕೇಳ್ತು. ಅದು ನಿಲ್ಲಲೇ ಇಲ್ಲ. ಬಾರಿಸ್ತಾ ಉಂಟು ಅಂದ್ರೆ ಮಗಳು ಬದುಕಿದ್ದಾಳೆ ಅಂತ. ಅದನ್ನೇ ಕೇಳ್ತಾ ಕೇಳ್ತಾ ಗೋಡೆ ಹಿಡ್ಕೊಂಡು ನಿನ್ನ ಹತ್ತಿರ ಬಂದೆ. ಅದು ನಿಂತಿದ್ದರೆ ನಾನು ಅಲ್ಲೇ ಕೂತಿರ್ತಿದ್ದೆ."

ಇಷ್ಟು ತಿಂಗಳು ಅವಳು ಇದನ್ನು ಹೇಳಿರಲಿಲ್ಲ. ಆ ಬೆಳಗ್ಗೆಯನ್ನು ನೆನೆದಾಗಲೆಲ್ಲ ನನಗೆ ಕಾಣುತ್ತಿದ್ದುದು ಒಬ್ಬಳು ಮಂಕುದಿಣ್ಣೆ ಮನೆ ಬೀಳುವಾಗ ಸೊನಾಟಾ ಬಾರಿಸುತ್ತ ಕೂತದ್ದು. ಅಡಿಗೆಮನೆಯಿಂದ ಅದು ಹೇಗೆ ಕೇಳಿಸಿತ್ತು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಮ್ಮನ ಕೈ ಹಿಡಿದುಕೊಂಡೆ. ನನ್ನದಕ್ಕಿಂತ ಅದೇ ತಣ್ಣಗಿತ್ತು. ಅಷ್ಟರಲ್ಲಿ ವಿರಾಮ ಮುಗಿದ ಗಂಟೆ ಹೊಡೆಯಿತು. ಅವಳು ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ತನ್ನ ಕುರ್ಚಿಗೆ ಹೋದಳು. ಲೋಟವನ್ನು ಅಲ್ಲೇ ಬೆಂಚಿನ ಮೇಲೆ ಮರೆತಿದ್ದಳು.

ನಾನು ವೇದಿಕೆಗೆ ನಡೆದೆ. ಕೂತು ಪೆಡಲ್ ಒತ್ತಿದೆ, ತಲೆ ಬಗ್ಗಿಸಿದೆ. ತಂತಿಗಳು ಸುಮ್ಮನಿದ್ದವು. ಇನ್ನು ಸೊನಾಟಾ ಮುಗಿಯುವವರೆಗೆ ನನಗೆ ಯಾರ ಕಾವಲೂ ಇಲ್ಲ. ಮೊದಲು ನನ್ನೊಬ್ಬಳ ಹೆದರಿಕೆಯಿತ್ತು, ಈಗ ಕೆಳಗೆ ಕಣ್ಣು ಮುಚ್ಚಿ ಕೂತವಳ ಹೆದರಿಕೆಯನ್ನೂ ನಾನೇ ಹೊರಬೇಕಾಗಿತ್ತು. ನಿಲ್ಲಿಸುವಂತಿಲ್ಲ. ಎರಡು ಸಾಲು ಬಾರಿಸಿ ಫ್ಯಾನು ನೋಡುವಂತಿಲ್ಲ. ಶುರು ಮಾಡಿದೆ. ಮೊದಲ ಭಾಗ ಹೋಯಿತು, ನಿಧಾನದ ಎರಡನೆಯ ಭಾಗವೂ ಹೋಯಿತು. ಕೊನೆಯ ಭಾಗದಲ್ಲಿ ಎಡಗೈ ಕೆಳಗಿಳಿಯಿತು, ಗುಡುಗು ಎದ್ದಿತು, ಅದರ ಒಳಗೆ ನನ್ನ ಗುಂಡಿಗೆಯ ಸದ್ದೂ ಸೇರಿಕೊಂಡಿತು. ಹಳದಿ ಸೀರೆಯತ್ತ ನೋಡಲಿಲ್ಲ. ನೋಡಿ ಪ್ರಯೋಜನವೇನು?

ಆ ಸೊನಾಟಾದಲ್ಲಿ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಒಂದು ನಿಲುಗಡೆ ಇದೆ. ಗುಡುಗು ಅಲ್ಲಿಗೆ ತಟ್ಟನೆ ನಿಲ್ಲುತ್ತದೆ, ಕೈ ಎತ್ತಬೇಕು, ಪೆಡಲ್ ಮಾತ್ರ ಒತ್ತಿ ಹಿಡಿದಿರಬೇಕು. ನಾದ ತಾನಾಗಿ ಆರಿಹೋಗುವವರೆಗೆ ಕಾಯಬೇಕು. ಕೈ ಎತ್ತಿದೆ, ಕಾದೆ. ನಾದ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಆದರೆ ಆರಲಿಲ್ಲ. ಆರುವ ಬದಲು ಮೆಲ್ಲಗೆ ಏಳತೊಡಗಿತು. ನಾನು ಮುಟ್ಟದ ಮಂದ್ರದ ತಂತಿಗಳು ಒಳಗೊಳಗೇ ಮೊರೆಯುತ್ತಿದ್ದವು. ಕೂತ ಸ್ಟೂಲಿನಿಂದ ಬೆನ್ನಿಗೆ ಅದೇ ಏರಿ ಬರುತ್ತಿತ್ತು.

ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಜನ ಎದ್ದು ನಿಂತರು. ಒಬ್ಬಿಬ್ಬರು ಬಾಗಿಲ ಕಡೆ ಹೋದರು. ಈಗ ತಿರುಗಿ ನೋಡಿದೆ. ತಿಳಿಹಳದಿ ಸೀರೆ ಕೂತೇ ಇತ್ತು, ತಲೆ ಒಂದು ಬದಿಗೆ ವಾಲಿತ್ತು, ಮುಂದಿನ ಸ್ವರಕ್ಕೆ ಕಾಯುತ್ತ. ನಾನು ಎದ್ದರೆ ಅವಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ಅವಳ ಕಾಲಿನ ಬಲ ಅಲ್ಲೇ ಹೋಗುತ್ತದೆ, ನೆಲದಲ್ಲಿ ಕೂತುಬಿಡುತ್ತಾಳೆ. ಇಷ್ಟೆಲ್ಲ ಯೋಚಿಸಿ ತೀರ್ಮಾನಿಸಿದೆ ಎಂದು ಹೇಳಿದರೆ ಸುಳ್ಳಾದೀತು. ನನ್ನ ಕಾಲುಗಳು ಏಳುವ ಸ್ಥಿತಿಯಲ್ಲೇ ಇರಲಿಲ್ಲ, ಕೈಗಳು ಮಾತ್ರ ನನ್ನವಾಗಿ ಉಳಿದಿದ್ದವು. ಅವನ್ನು ಕೆಳಗಿಳಿಸಿದೆ. ಎಂದೂ ಬಾರಿಸದಷ್ಟು ಜೋರಾಗಿ ಬಾರಿಸಿದೆ, ಕೆಳಗಿನ ಆ ಮೊರೆತ ಅವಳಿಗೆ ಕೇಳಬಾರದು ಎಂಬಷ್ಟು ಜೋರಾಗಿ. ತಪ್ಪು ಸ್ವರಗಳು ಬಿದ್ದವು, ಬೀಳಲಿ ಎಂದುಕೊಂಡೆ. ಮೊರೆತ ಯಾವಾಗ ನಿಂತಿತೋ ನನಗೆ ತಿಳಿಯದು. ಕೊನೆಯ ಸ್ವರ ಬಾರಿಸಿ ತಲೆ ಎತ್ತಿದಾಗ ಎದ್ದವರಲ್ಲಿ ಕೆಲವರು ಇನ್ನೂ ನಿಂತೇ ಇದ್ದರು, ನಿಂತುಕೊಂಡೇ ಚಪ್ಪಾಳೆ ತಟ್ಟಿದರು.

ಅದು ಗೂಡ್ಸ್ ರೈಲು ಎಂದು ಹೊರಗೆ ಕೆಲವರು ಹೇಳುತ್ತಿದ್ದರು. ಆಂಚಕೋ ಎಂದು ಕೆಲವರು. ನಾನು ಯಾರನ್ನೂ ವಿಚಾರಿಸಲಿಲ್ಲ.

ಆಟೊದಲ್ಲಿ ಅಮ್ಮ ನನಗೂ ಮಾವನಿಗೂ ನಡುವೆ ಕೂತಿದ್ದಳು. ಮುಖ ಅರಳಿತ್ತು.

"ಕೊನೆಗೆ ಕುರ್ಚಿ ಸದ್ದು ಕೇಳ್ತು. ಜನ ಎದ್ದರಾ?"

ಬಾಗಿಲ ಕಡೆ ಹೋದವರಲ್ಲಿ ಮಾವನೂ ಒಬ್ಬ. ಅವನು ಬಾಯಿ ತೆರೆದ. ಅಮ್ಮನ ಬೆನ್ನ ಹಿಂದಿನಿಂದ ಕೈ ಹಾಕಿ ಅವನ ತೋಳು ಚಿವುಟಿದೆ. ಮುಚ್ಚಿದ.

"ಎದ್ದರು ಅಮ್ಮ" ಎಂದೆ.

"ಮುಗಿಯುವ ಮೊದಲೇ?"

"ಬಹಳ ಇಷ್ಟವಾದರೆ ಹಾಗೆ ಎದ್ದು ನಿಲ್ತಾರೆ. ಮರ್ಯಾದೆ ಅದು."

"ಹೌದಾ? ನನಗೆ ಗೊತ್ತೇ ಇರ್ಲಿಲ್ಲ. ಮುಂದಿನ ಸಲ ನಾನೂ ಎದ್ದು ನಿಲ್ತೇನೆ."

"ಬೇಡ ಅಮ್ಮ" ಎಂದೆ. "ಯಾರು ಎದ್ದರೂ ನೀನು ಮಾತ್ರ ಕೂತೇ ಇರು."